ಹಾಲಿನಪುಡಿಯವರ ಪಂಪು

ನನ್ನ ಅತ್ತಿಗೆಗೆ ಆಫೀಸಿನವರು ಇಟ್ಟಿರುವ ಹೆಸರು ‘ಯಾಕಮ್ಮ’. ನಾವು ಮೂವರೂ ಒಂದೇ ಪಂಪು ಕಾರ್ಖಾನೆಯಲ್ಲಿದ್ದೇವೆ. ಅಣ್ಣ ಮಾರುತ್ತಾನೆ, ಅತ್ತಿಗೆ ತಡೆಯುತ್ತಾಳೆ, ನಡುವಿನ ಮೇಜಿನಲ್ಲಿ ಕೂತು ನಾನು ಫೋನೆತ್ತುತ್ತೇನೆ. ನಮ್ಮ ಪಂಪು ಪಾತ್ರೆಯೊಳಗಿನ ಗಾಳಿಯನ್ನೆಲ್ಲ ಹೀರಿಬಿಡುವಂಥದು. ಅದರಿಂದ ಹಾಲಿನಪುಡಿಯನ್ನೂ ಮಾಡಬಹುದು. ಬುದ್ಧಿ ಕೆಟ್ಟವರು ಅಣುಬಾಂಬಿಗೆ ಯುರೇನಿಯಂ ಹದಮಾಡಲೂ ಬಳಸಬಹುದು. ಅದಕ್ಕೇ ಗಡಿ ದಾಟುವ ಮೊದಲು ಅದು ಯಾರ ಕೈ ಸೇರುತ್ತದೆ, ಯಾತಕ್ಕೆ ಎಂದು ವಿಚಾರಿಸಬೇಕೆಂದು ಎಷ್ಟೋ ದೇಶಗಳು ಸೇರಿ ಕಟ್ಟಳೆ ಮಾಡಿಕೊಂಡಿವೆ. ಅತ್ತಿಗೆಯ ಸಹಿ ಇಲ್ಲದೆ ಒಂದು ಪಂಪೂ ನಮ್ಮ ಗೇಟು ದಾಟುವಂತಿಲ್ಲ. ಅಭ್ಯಾಸಬಲ ನೋಡಿ, ಪಕ್ಕದ ಮನೆಯವರು ಏಣಿ ಕೇಳಿದರೂ ಯಾವ ಗೋಡೆಗೆ, ಹತ್ತುವವರು ಯಾರು ಎನ್ನುತ್ತಾಳೆ.

ಈ ಬಾರಿ ಅಣ್ಣ ದೊಡ್ಡ ಬೇಟೆಯನ್ನೇ ಹಿಡಿದು ತಂದಿದ್ದ. ಹೊರದೇಶದ ಹಾಲಿನಪುಡಿ ಕಂಪನಿ, ರಾಶಿ ಪಂಪು. ಇದೊಂದು ರವಾನೆಯಾದರೆ ಮಾರಾಟ ವಿಭಾಗಕ್ಕೆ ಅವನೇ ಮುಖ್ಯಸ್ಥ ಎಂದು ಸಾಹೇಬರು ಮಾತು ಕೊಟ್ಟಿದ್ದರು. ಆ ಕುರ್ಚಿಗಾಗಿ ಅವನು ವರ್ಷಗಟ್ಟಲೆ ಬಾಯಿ ಬಿಟ್ಟುಕೊಂಡು ಕಾದಿದ್ದ.

ಅತ್ತಿಗೆ ಗಿರಾಕಿಗೆ ಫೋನು ಮಾಡಿದಳು. ಯುರೇನಿಯಂ ಕೆಲಸದ ಉಗ್ರ ಅನಿಲಕ್ಕೂ ಜಗ್ಗದ ನಿಕ್ಕಲ್ ಹೊದಿಕೆಯೇ ಪಂಪಿನೊಳಗೆ ಬೇಕೆಂದು ಅವರು ಹಟ ಹಿಡಿದಿದ್ದರು. ಹಾಲು ಹೆಚ್ಚೆಂದರೆ ಒಡೆಯುತ್ತದೆ, ಲೋಹ ತಿನ್ನುತ್ತದೆಯೇ ಎಂದು ಇವಳು ನಯವಾಗಿ ಕೇಳಿದಳು. ನಮ್ಮ ಕಡೆ ಹವೆ ಹಾಗೆ ಎಂದು ಫೋನಿನ ಆ ತುದಿಯವನು ಜಾರಿಕೊಂಡ. ನಮ್ಮವರೇ ಬಂದು ಜೋಡಿಸಿಕೊಡುತ್ತಾರೆ ಎಂದರೆ, ಬೇಡವೇ ಬೇಡ, ಬಾಗಿಲಲ್ಲಿ ಇಳಿಸಿದರೆ ಸಾಕು ಎಂದ.

ಅವಳು ಫೋನಿಟ್ಟು ಅಣ್ಣನ ಕಡೆ ತಿರುಗಿದಳು. “ಹೆಣ್ಣು ಬೇಕಂತೆ, ಹೆಣ್ಣಿನ ಕಡೆಯವರು ಮಾತ್ರ ಹೊಸಿಲು ತುಳೀಬಾರದಂತೆ. ನಾನು ಕೊಡಲ್ಲ.”

ಅಲ್ಲಿಗೆ ಮನೆಯಲ್ಲಿ ಮಾತು ನಿಂತಿತು. ಅಣ್ಣ ಉಪ್ಪು ಬೇಕಾದರೂ ನನಗೆ ಹೇಳುವುದು, ನಾನು ಎದುರಿಗೇ ಕೂತ ಅತ್ತಿಗೆಗೆ ದಾಟಿಸುವುದು. ಅವಳೋ, ಎಷ್ಟು ಉಪ್ಪು, ಯಾತಕ್ಕೆ ಎಂದು ನನ್ನ ಮೂಲಕವೇ ವಿಚಾರಿಸುವಳು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರಲ್ಲ, ಆ ಕೂಸು ನಾನು, ತಲೆ ನರೆತ ಕೂಸು. ಇಬ್ಬರ ಮೇಲೂ ನನಗೆ ಕೆಂಡದಂಥ ಸಿಟ್ಟು. ಆದರೂ ಅಣ್ಣನ ಬಾಡಿದ ಮುಖ ಕಂಡರೆ ಕರುಳು ಚುರುಕ್ಕೆನ್ನುತ್ತಿತ್ತು.

ಅಷ್ಟರಲ್ಲಿ ಅತ್ತಿಗೆ ಜ್ವರ ಬಂದು ರಜೆ ಹಾಕಿದಳು. ಸಾಹೇಬರು ಅಣ್ಣನನ್ನು ಕರೆಸಿ, ಅವಳಿಲ್ಲದಾಗ ಸಹಿ ಹಾಕುವ ಅಧಿಕಾರ ನಿನಗಿದೆಯಲ್ಲ, ಇವತ್ತೇ ಮುಗಿಸಿಬಿಡು ಎಂದರು. ಅವರ ಬಾಗಿಲು ತೆರೆದೇ ಇತ್ತು, ನನ್ನ ಕಿವಿಯೂ. ಅಣ್ಣ ಏನೆಂದನೋ ಕೇಳಿಸಲಿಲ್ಲ. ಹೊರಗೆ ಬಂದವನು ಚೀಲ ಹೆಗಲಿಗೇರಿಸಿ ಮನೆಯ ದಾರಿ ಹಿಡಿದ. ನಾನೂ ಹಿಂದೆಯೇ ಓಡಿದೆ.

ಅತ್ತಿಗೆ ಮಲಗಿದ್ದ ಮಂಚದ ತುದಿಯಲ್ಲಿ ಕೂತು, ಕುರ್ಚಿ ಕೈಬಿಟ್ಟುಹೋಯಿತು ಎಂದ. ಈ ಸಲ ನನಗಲ್ಲ, ಅವಳಿಗೇ ಹೇಳಿದ.

“ನನ್ನಿಂದಲೇ ಅಲ್ವಾ?” ಎಂದ ಅತ್ತಿಗೆಯ ಕಣ್ಣು ತುಂಬಿತ್ತು.

“ನಿನ್ನ ಬದಲು ಸಹಿ ಹಾಕು ಅಂದ್ರು. ಆಗಲ್ಲ ಅಂದೆ,” ಎಂದ ಅಣ್ಣ. ಆಮೇಲೆ ನೆಲ ನೋಡುತ್ತ ಹೇಳಿದ: “ಆ ಮನುಷ್ಯ ಹಾಲು ಅಂದಾಗಲೇ ನನಗೂ ಅನುಮಾನ ಬಂದಿತ್ತು ಕಣೆ. ಆಸೆಗೆ ಬಿದ್ದು ನಿನ್ನ ಮೇಲೆ ಹಾರಾಡಿದೆ.”

ಅತ್ತಿಗೆ ಬೈಯಲಿಲ್ಲ. ಜ್ವರದ ಬಿಸಿ ಕೈಯಿಂದ ಅವನ ಮುಂಗೈ ಹಿಡಿದು, “ನೀವು ಆಗಲ್ಲ ಅಂದಾಗ ಸಾಹೇಬ್ರ ಮುಖ ಹೇಗಿತ್ತು, ಸ್ವಲ್ಪ ಮಾಡಿ ತೋರಿಸಿ” ಎಂದಳು.