ಎರಡು ಗೆರೆ ಕಡಿಮೆ

ಇವರು ನಿವೃತ್ತರಾಗಿ ಮನೆಗೆ ಬಂದ ಮೊದಲ ವಾರ ನನಗೂ ಸಂತೋಷವಾಗಿತ್ತು. ಎರಡನೇ ವಾರ ಇವರು ಅಡುಗೆಮನೆಗೆ ಬಂದರು. ನಾನು ಕ್ಯಾರೆಟ್ ಹೆಚ್ಚುತ್ತಿದ್ದರೆ ಪಕ್ಕದಲ್ಲಿ ಕೈಕಟ್ಟಿ ನಿಂತು, "ಇದು ಮೂರು ಮಿಲಿಮೀಟರ್ ಇದೆ, ಅದು ಐದಿದೆ. ಎರಡೂ ಒಟ್ಟಿಗೆ ಹೇಗೆ ಬೇಯುತ್ತೆ?" ಎಂದು ಕೇಳಿದರು.

"ಬೇಯದಿದ್ರೆ ಅಗಿದು ತಿನ್ನಿ. ಹಲ್ಲಿದೆಯಲ್ಲ. ಹೋಗಿ ಆ ಕಡೆ ಕೂತ್ಕೊಳ್ಳಿ" ಎಂದೆ.

ಹೋಗಿ ಕೂತರು. ಆದರೆ ಕೂತದ್ದು ನನ್ನ ಹೊಲಿಗೆ ಮಷಿನ್ನಿನ ಪಕ್ಕದಲ್ಲಿ. ನಾನು ಮನೆಯಲ್ಲೇ ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುವವಳು. ಇಪ್ಪತ್ತು ವರ್ಷದಲ್ಲಿ ಯಾವ ಗಿರಾಕಿಯ ಕಣ್ಣಿಗೂ ಬೀಳದ ದೋಷ ಇವರಿಗೆ ಮೂರೇ ದಿನದಲ್ಲಿ ಕಂಡಿತು. ನನ್ನ ಕಾಲರಿನ ಎಡತುದಿ ಬಲತುದಿಗಿಂತ ಒಂದು ಮಿಲಿಮೀಟರ್ ಉದ್ದವಂತೆ. ಅದನ್ನು ಹೇಳಲು ಬೇರೆ ಯಾರೂ ಸಿಗದೆ, ಶರಟು ಕೊಂಡೊಯ್ಯಲು ಬಂದ ಗಿರಾಕಿಗೇ ಹೇಳಿದರು.

ಇವರು ಟರ್ನರ್. ಲೇತ್ ಮಷಿನ್ನಿಗೆ ಕಬ್ಬಿಣದ ಸರಳು ಕಚ್ಚಿಸಿ, ಅದು ಗರಗರ ತಿರುಗುವಾಗ ಹೆರೆದು ಹೆರೆದು ಅಳತೆಗೆ ತರುವ ಕೆಲಸ. ಮೂವತ್ತನಾಲ್ಕು ವರ್ಷ ಒಂದೇ ಕಾರ್ಖಾನೆ, ಒಂದೇ ಲೇತ್, ಮಾಡಿದ್ದೂ ಒಂದೇ ವಸ್ತು: ನೀರೆತ್ತುವ ಪಂಪಿನೊಳಗೆ ಕೂರುವ ಬೆರಳುದ್ದದ ಪಿನ್ನು. ದಪ್ಪ ಸರಿಯಾಗಿ ಇಪ್ಪತ್ತು ಮಿಲಿಮೀಟರ್. ತಾವು ಮಾಡಿದ ಒಂದು ಪಿನ್ನೂ ವಾಪಸ್ ಬಂದದ್ದಿಲ್ಲ ಎನ್ನುವುದನ್ನು ನಾನು ಮದುವೆಯಾದಂದಿನಿಂದ ಸಾವಿರ ಸಲ ಕೇಳಿದ್ದೇನೆ. ಸಾವಿರದ ಒಂದನೇ ಸಲ ಕೇಳುವ ಬದಲು, ಯಾವುದೋ ಮುಚ್ಚಿಹೋದ ವರ್ಕ್‌ಶಾಪಿನ ಹಳೇ ಲೇತ್ ಒಂದನ್ನು ಕೊಳ್ಳಲು ನಾನೇ ಒಪ್ಪಿಕೊಂಡೆ. ಮನೆ ಪಕ್ಕದ ಶೆಡ್ಡಿನಲ್ಲಿದ್ದ ಸ್ಕೂಟರು ಬೀದಿಗೆ ಬಂತು, ಲೇತ್ ಒಳಗೆ ಹೋಯಿತು. ಮೂರು ತಿಂಗಳು ನೆರೆಹೊರೆಯವರ ಗೇಟಿನ ತಿರುಗಣಿ, ಬಾಣಲೆಯ ಹಿಡಿ ಎಲ್ಲ ರಿಪೇರಿಯಾದವು. ಕೆಟ್ಟ ಗೇಟುಗಳು ಮುಗಿದವು. ಇವರು ಮತ್ತೆ ಅಡುಗೆಮನೆಗೆ ಬಂದರು.

ಹೀಗಿರುವಾಗ ಒಂದು ಬೆಳಗ್ಗೆ ಕಾರ್ಖಾನೆಯ ಸೂಪರ್‌ವೈಸರ್ ಮನೆಗೆ ಬಂದರು. ಒಂದು ಕಾಲದಲ್ಲಿ ಇವರ ಕೈಕೆಳಗೆ ಕೆಲಸ ಕಲಿತವರು.

"ಅಣ್ಣಾ, ನಿಮ್ಮ ಮಷಿನ್ನಿಗೆ ಪಕ್ಕದ ವಿಭಾಗದಿಂದ ಒಬ್ಬ ಹೆಂಗಸನ್ನ ತಂದು ಹಾಕಿದೀವಿ. ಹದಿನೈದು ವರ್ಷ ಲೇತ್ ಓಡಿಸಿದೋರು. ಆದ್ರೆ ನೋಡಿ, ನೀವು ಹೋದ ಈ ನಾಲ್ಕು ತಿಂಗಳಿಂದ ಹತ್ತು ಪಿನ್ನಲ್ಲಿ ಏಳು ಬಿಗಿ. ತೂತಿನೊಳಗೆ ಹೋಗೋದೇ ಇಲ್ಲ. ಕೇಳಿದ್ರೆ ಮೈಕ್ರೋಮೀಟರ್ ಸರಿಯಿಲ್ಲ ಅಂತಾರೆ."

"ಯಾವುದು, ನನ್ನದಾ?" ಇವರ ಕಿವಿ ನೆಟ್ಟಗಾಯಿತು.

"ನಿಮ್ಮದೇ. ಅದರಲ್ಲೇ ಅಲ್ವಾ ನೀವು ಅಷ್ಟು ವರ್ಷ ಅಳೆದಿದ್ದು? ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ."

ಇಬ್ಬರೂ ನಕ್ಕರು. ಸುಳ್ಳು ಯಾಕೆ ಹೇಳಲಿ, ಕಾಫಿ ಕೊಡುತ್ತಿದ್ದ ನಾನೂ ನಕ್ಕೆ.

ಸೂಪರ್‌ವೈಸರ್ ಬಂದದ್ದು ಒಂದು ಕೆಲಸ ಹೊತ್ತುಕೊಂಡು. ಇವರು ಮನೆಯ ಲೇತಿನಲ್ಲಿ ಹತ್ತು ಪಿನ್ನು ಮಾಡಿ ತೋರಿಸಬೇಕು. ಸರಿಬಂದರೆ ಪಿನ್ನಿನ ಕೆಲಸವೆಲ್ಲ ಪ್ರತಿ ತಿಂಗಳೂ ನಮ್ಮ ಮನೆಗೇ. ಆ ಹೆಂಗಸನ್ನು ತಿಂಗಳ ಕೊನೆಗೆ ಲೇತಿನಿಂದ ಎಬ್ಬಿಸಿ ಡಬ್ಬ ಕಟ್ಟುವ ಪ್ಯಾಕಿಂಗ್ ವಿಭಾಗಕ್ಕೆ ಕಳಿಸುತ್ತಾರೆ. "ನಿಮ್ಮ ಕೈ ಯಾರಿಗೂ ಬರಲ್ಲ ಅಣ್ಣಾ" ಎಂದು ಹೇಳಿ ಅವರು ಹೋದರು. ಇವರು ಎಷ್ಟು ಉಬ್ಬಿದ್ದರೆಂದರೆ ಆ ದಿನ ಕ್ಯಾರೆಟ್ಟಿನ ಕಡೆ ತಿರುಗಿಯೂ ನೋಡಲಿಲ್ಲ. ಪ್ರತಿ ತಿಂಗಳೂ ಕೆಲಸ, ಪ್ರತಿ ದಿನವೂ ಇವರು ಶೆಡ್ಡಿನಲ್ಲಿ! ನನಗೂ ಇದಕ್ಕಿಂತ ಇನ್ನೇನು ಬೇಕಿತ್ತು.

ಒಂದೇ ಕೊರತೆ, ಮೈಕ್ರೋಮೀಟರ್. ಹಳೆಯದು ಕಂಪನಿಯದು, ಬರುವಾಗ ಒಪ್ಪಿಸಿ ಬಂದಿದ್ದರು. ಅದು ಅಂಗೈಯಲ್ಲಿ ಹಿಡಿಯುವ, ಲಾಳದ ಆಕಾರದ ಸಾಧನ. ಎರಡು ದವಡೆಗಳ ನಡುವೆ ವಸ್ತುವಿಟ್ಟು ಹಿಡಿ ತಿರುಗಿಸಿದರೆ ಹಿಡಿಯ ಮೇಲೆ ಕೊರೆದ ಗೆರೆಗಳು ದಪ್ಪ ಹೇಳುತ್ತವೆ. ಒಂದು ಮಿಲಿಮೀಟರನ್ನು ನೂರು ಪಾಲು ಮಾಡಿದರೆ ಅದರಲ್ಲೊಂದು ಪಾಲು ಒಂದು ಗೆರೆ. ಇಂಥ ಸೂಕ್ಷ್ಮದವರ ಜೊತೆ ಸಂಸಾರ ಮಾಡಿದವಳು ನಾನು, ನನ್ನ ಕಾಲರಿನ ಗತಿ ಏನಾಗಬೇಕು ಹೇಳಿ.

ಕೊಳ್ಳಲು ಇಬ್ಬರೂ ಹೋದೆವು. ಉಪಕರಣದ ಅಂಗಡಿ ಉದ್ದಕ್ಕೆ ಓಣಿಯ ಹಾಗಿತ್ತು, ನೆಲದಿಂದ ಸೂರಿನವರೆಗೆ ಸಣ್ಣ ಸಣ್ಣ ಡ್ರಾಯರ್. ಅಂಗಡಿಯವನು ಮೊದಲು ಅಂಕಿ ಮೂಡುವ ಎಲೆಕ್ಟ್ರಾನಿಕ್ ಮೈಕ್ರೋಮೀಟರ್ ತೋರಿಸಿದ.

"ಬ್ಯಾಟರಿ ಸತ್ತ ದಿನ ನಾನು ಏನು ಮಾಡ್ಲಿ, ಕಣ್ಣಂದಾಜಲ್ಲಿ ಹೆರೀಲಾ? ಗೆರೆ ಇರೋದು ಕೊಡಪ್ಪ" ಎಂದರು ಇವರು.

ಗೆರೆಯದು ಬಂತು. ದವಡೆಗಳ ನಡುವೆ ಕಾಗದದ ಚೂರೊಂದನ್ನು ಹಿಡಿದೆಳೆದು ಧೂಳು ತೆಗೆದರು, ಮುಚ್ಚಿ ನೋಡಿದರು, ಸೊನ್ನೆ ಸರಿಯಿತ್ತು. ಇಪ್ಪತ್ತು ಮಿಲಿಮೀಟರಿನ ಅಳತೆಗಟ್ಟಿ ಕೇಳಿದರು. ಹೊಳೆಯುವ ಉಕ್ಕಿನ ತುಂಡು, ಮೇಲೆ ಇಪ್ಪತ್ತು ಎಂದು ಕೆತ್ತಿದೆ. ಅಳೆದರು. ಮೈಕ್ರೋಮೀಟರೂ ಇಪ್ಪತ್ತು ಎಂದಿತು. ಇವರ ಹುಬ್ಬು ಗಂಟಾಯಿತು.

"ಜಾಸ್ತಿ ತೋರಿಸ್ತಿದೆ."

"ಏನಣ್ಣಾ, ಗಟ್ಟಿನೂ ಇಪ್ಪತ್ತು, ಇದೂ ಇಪ್ಪತ್ತು!"

"ಯಾಕೋ ಕೈಗೆ ಹೊಂದ್ತಾ ಇಲ್ಲ. ಬೇರೆ ಕೊಡು."

ಬೇರೆಯದು ಬಂತು, ಮೂರನೆಯದೂ ಬಂತು. ಮೂರೂ ಇಪ್ಪತ್ತೇ. "ಮೂರೂ ಒಂದೇ ಥರ ಜಾಸ್ತಿ" ಎಂದರು ಇವರು.

ಅಂಗಡಿಯವನು ಕನ್ನಡಕ ತೆಗೆದು ಇವರನ್ನೇ ನೋಡಿದ. "ಹಾಗಾದ್ರೆ ಲೋಕವೇ ಸ್ವಲ್ಪ ಜಾಸ್ತಿ ಇರ್ಬೇಕು ಅಣ್ಣಾ. ಅದಕ್ಕೆ ನಾನು ಗ್ಯಾರಂಟಿ ಕೊಡಕ್ಕಾಗಲ್ಲ."

ನನಗೆ ನಗು ತಡೆಯಲಾಗಲಿಲ್ಲ. ಇವರು ಮುಖ ಗಂಟಿಕ್ಕಿಕೊಂಡೇ ಮೊದಲನೆಯದನ್ನು ಕೊಂಡರು.

ಮನೆಗೆ ಬಂದ ಮೇಲೆ ಮುನಿಸು ಇಳಿದು ಖುಷಿ ಏರಿತು. ಪತ್ರಿಕೆಯ ಕಾಗದ, ನನ್ನ ಸೂಜಿ, ಸೊಳ್ಳೆಪರದೆಯ ದಾರ, ಸಿಕ್ಕಿದ್ದನ್ನೆಲ್ಲ ಅಳೆದರು. ನನ್ನ ತಲೆಗೂದಲು ಏಳು ಗೆರೆ, ಇವರದು ಐದು. "ಅದಕ್ಕೇ ನಿಮ್ಮದು ನಿಲ್ಲಲಿಲ್ಲ" ಎಂದೆ. ಆ ಸಂಜೆ ನನಗೂ ಗೆರೆ ಓದಲು ಕಲಿಸಿದರು. ಟೇಪು ಓದುವವಳಿಗೆ ಅದೇನು ಮಹಾ, ಒಂದು ಗಂಟೆಯಲ್ಲಿ ಬಂತು.

ಹತ್ತು ಪಿನ್ನು ಮಾಡಲು ಎರಡು ದಿನ ಹಿಡಿಯಿತು. ಎಣ್ಣೆ ಸವರಿ, ಕಾಗದದಲ್ಲಿ ಒಂದೊಂದನ್ನೇ ಸುತ್ತಿ, ಮದುವೆಗೆ ಹೊರಟವರ ಹಾಗೆ ಇಸ್ತ್ರಿ ಶರಟು ಹಾಕಿಕೊಂಡು ಕಾರ್ಖಾನೆಗೆ ಹೋದರು. ಮಧ್ಯಾಹ್ನ ಅದೇ ಪೊಟ್ಟಣ ಹಿಡಿದು ವಾಪಸ್ ಬಂದರು. ಹತ್ತೂ ಸಡಿಲ. ಪಂಪಿನ ತೂತಿನಲ್ಲಿ ಲೊಡಲೊಡ ಆಡುತ್ತಿದ್ದವಂತೆ. ಹತ್ತೂ ಎರಡು ಗೆರೆ ಕಡಿಮೆ.

"ಸೂಪರ್‌ವೈಸರ್ ಏನಂದ?"

"ಪರವಾಗಿಲ್ಲ ಅಣ್ಣಾ, ವಯಸ್ಸಾಯ್ತಲ್ಲ, ಇನ್ನೊಂದು ಸಲ ನೋಡೋಣ ಅಂದ." ಶರಟಿನ ಗುಂಡಿ ಬಿಚ್ಚುತ್ತಾ ಇವರು ಮೆಲ್ಲಗೆ ಹೇಳಿದರು, "ಕೈ ಹೋಯ್ತು ಕಣೇ."

ಲೇತಿನ ಮೇಲೆ ಹಳೇ ಬೆಡ್‌ಶೀಟ್ ಬಿತ್ತು. ಮೂರು ದಿನ ಇವರು ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಬೀದಿ ನೋಡುತ್ತಾ ಕೂತರು. ನನ್ನ ಹೊಲಿಗೆಯ ತಂಟೆಗೆ ಬರಲಿಲ್ಲ. ನಾಲ್ಕನೇ ದಿನ ಬೇಕೆಂದೇ ಕ್ಯಾರೆಟ್ಟನ್ನು ಹೆಬ್ಬೆರಳು ಗಾತ್ರಕ್ಕೆ ಹೆಚ್ಚಿ ಬೇಯಿಸಿ ಬಡಿಸಿದೆ. ತುಟಿ ಪಿಟಕ್ಕೆನ್ನದೆ ತಿಂದು ಎದ್ದು ಹೋದರು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಬಾಯಿ ಮಾಡುವ ಗಂಡನನ್ನು ಸಹಿಸಬಹುದು, ಹೀಗೆ ಗರ ಬಡಿದಂತೆ ಕೂತವರನ್ನು ನೋಡಲಾಗುವುದಿಲ್ಲ.

"ಏಳ್ರೀ ಮೇಲೆ. ನನ್ನೆದುರಿಗೆ ಒಂದು ಪಿನ್ನು ಮಾಡಿ" ಎಂದು ಬೆಡ್‌ಶೀಟ್ ಕಿತ್ತೆಸೆದೆ.

"ನೀನೇನು ನೋಡ್ತೀಯ?"

"ಗೆರೆ ನೋಡ್ತೀನಿ. ಕಲಿಸಿದ್ದು ನೀವೇ ಅಲ್ವಾ?"

ಗೊಣಗುತ್ತಲೇ ಲೇತ್ ಹಾಕಿದರು. ಹೆರೆಯುವುದು, ನಿಲ್ಲಿಸಿ ಅಳೆಯುವುದು, ಮತ್ತೆ ಹೆರೆಯುವುದು. ಅಳೆದಾಗಲೆಲ್ಲ ನಾನೂ ಬಗ್ಗಿ ಓದಿದೆ. ಒಂದು ಸಲ ಸರಿಯಾಗಿ ಇಪ್ಪತ್ತು ಕಂಡಿತು. ಮುಗಿಯಿತು ಎಂದುಕೊಂಡೆ. ಇವರು ಇನ್ನೊಂದು ಸಲ ಹೆರೆದು, ಅಳೆದು, "ಹ್ಞಾ, ಈಗ ಇಪ್ಪತ್ತು" ಎಂದರು.

"ಎಲ್ಲಿ ಇಪ್ಪತ್ತು? ಇಪ್ಪತ್ತಕ್ಕೆ ಎರಡು ಗೆರೆ ಕಡಿಮೆ ಇದೆ."

"ಅದೇ. ಎರಡು ಗೆರೆ ಕಡಿಮೆ ತೋರಿಸಿದ್ರೇನೇ ಅದು ಇಪ್ಪತ್ತು."

"ಹಾಗಂತ ಯಾರು ಹೇಳಿದ್ದು?"

ಇವರು ಗೆರೆಗಳನ್ನು ಇನ್ನೊಮ್ಮೆ ಓದಿದರು. ಆಮೇಲೆ ಸ್ಟೂಲಿನ ಮೇಲೆ ಕುಸಿದು, ಕೈಯಲ್ಲಿದ್ದ ಮೈಕ್ರೋಮೀಟರನ್ನು ತೊಡೆಯ ಮೇಲಿಟ್ಟುಕೊಂಡರು.

ಕೆಲಸಕ್ಕೆ ಸೇರಿದ ಮೂರನೇ ವರ್ಷ ಇವರು ಕಂಪನಿಯ ಮೈಕ್ರೋಮೀಟರನ್ನು ಕೆಳಗೆ ಬೀಳಿಸಿದ್ದರಂತೆ. ಮುಚ್ಚಿದರೆ ಸೊನ್ನೆ ಸರಿಯಾಗೇ ತೋರಿಸುತ್ತಿತ್ತು. ತೆರೆದು ಇಪ್ಪತ್ತರ ಹತ್ತಿರ ಬಂದಾಗ ಮಾತ್ರ ಎರಡು ಗೆರೆ ಕಡಿಮೆ. ಹೇಳಿದರೆ ಕೆಲಸಕ್ಕೆ ಕುತ್ತು. ಅದಕ್ಕೆ ಆ ಎರಡು ಗೆರೆಯನ್ನು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡು ಪಿನ್ನು ಮಾಡತೊಡಗಿದರು. ವರ್ಷ ಕಳೆದಂತೆ ಲೆಕ್ಕ ಮನಸ್ಸಿನಿಂದ ಕೈಗೆ ಇಳಿಯಿತು, ಕೊನೆಗೆ ಇವರಿಗೇ ಮರೆತುಹೋಯಿತು.

"ಮೂವತ್ತೊಂದು ವರ್ಷ! ನನಗೂ ಹೇಳಲಿಲ್ವಲ್ರೀ?"

"ಹೇಗೆ ಹೇಳ್ಲಿ? ಮುಂದಿನ ತಿಂಗಳು ನಮ್ಮ ಮದುವೆ ಇತ್ತು. ಕೆಲಸ ಹೋಗಿದ್ರೆ ನಿಮ್ಮಪ್ಪ ಹೆಣ್ಣು ಕೊಡ್ತಿದ್ರಾ?"

ಕೊಡುತ್ತಿರಲಿಲ್ಲ. ನನ್ನಪ್ಪನನ್ನು ನಾನು ಬಲ್ಲೆ. ನನ್ನ ಸಂಸಾರ ನಿಂತದ್ದೇ ಎರಡು ಗೆರೆಯ ಮೇಲೆ ಎಂದು ಅಂದು ಗೊತ್ತಾಯಿತು. ನಗಬೇಕೋ ಬೈಯಬೇಕೋ ತಿಳಿಯದೆ ಎರಡನ್ನೂ ಮಾಡಿದೆ.

ಹೊಸದಾಗಿ ಹತ್ತು ಪಿನ್ನು ಆದವು. ಹತ್ತಕ್ಕೂ ನಾನು ಕಾವಲು. ಇವರ ಕೈ ಇಪ್ಪತ್ತನ್ನು ದಾಟಹೊರಟಾಗಲೆಲ್ಲ "ನಿಲ್ಸಿ!" ಎಂದು ಕೂಗಿದೆ. ಹತ್ತೂ ಇಪ್ಪತ್ತು. ಕೈ ಹೋಗಿರಲಿಲ್ಲ. ನಾನು ಹಿಗ್ಗಿ ಕಾಫಿ ಮಾಡಿ ತಂದರೆ ಇವರು ಲೋಟ ಹಿಡಿದು ಕೂತರೇ ಹೊರತು ಕುಡಿಯಲಿಲ್ಲ.

"ಆ ಹೆಂಗಸು ಹೇಳಿದ್ದು ನಿಜ ಕಣೇ. ಹಳೇದು ಇಪ್ಪತ್ತು ಅಂದಾಗ ಪಿನ್ನು ಎರಡು ಗೆರೆ ದಪ್ಪ ಇರುತ್ತೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು."

ನೆಲ ನಿಜವಾಗಿಯೂ ಡೊಂಕಾಗಿತ್ತು. ನಾವು ಮೂವರೂ ಆವತ್ತು ನಕ್ಕಿದ್ದೆವು. ಆದರೂ ನನ್ನ ಬುದ್ಧಿ ನೋಡಿ, ಬಾಯಿಗೆ ಬಂದದ್ದು ಬೇರೆಯೇ ಮಾತು. "ಆ ಮೈಕ್ರೋಮೀಟರ್ ಹಳೇದಾಯ್ತು, ಬದಲಾಯಿಸಿ ಅಂತ ಸೂಪರ್‌ವೈಸರಿಗೆ ಒಂದು ಮಾತು ಹೇಳಿ ಸಾಕು. ಬೀಳಿಸಿದ್ದನ್ನ ಯಾಕೆ ಹೇಳ್ಬೇಕು? ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

"ಕೋಲು ಮುರೀಬಾರ್ದು ಅಂತಲೇ ಆವತ್ತೂ ಸುಮ್ಮನಿದ್ದೆ" ಎಂದರು ಇವರು.

"ಹೇಗೆ ಹೇಳಿದ್ರೂ ಈ ಕೆಲಸ ನಮಗೆ ಸಿಗಲ್ಲ. ಆಕೆ ಅಲ್ಲೇ ಸರಿಯಾಗಿ ಮಾಡ್ತಾರೆ."

"ಗೊತ್ತು."

ನಾನು ಎದ್ದೆ. ಸೀರೆ ಬದಲಾಯಿಸಿಕೊಂಡು ಜೊತೆಗೆ ಹೊರಟೆ.

ಕಾರ್ಖಾನೆಯ ಶೆಡ್ಡಿನಲ್ಲಿ ಹನ್ನೊಂದು ಮಷಿನ್ನು ಒಟ್ಟಿಗೆ ಓಡುತ್ತಿದ್ದವು. ಒಬ್ಬರ ಮಾತು ಒಬ್ಬರಿಗೆ ಕೇಳಿಸಬೇಕಾದರೆ ಕೂಗಬೇಕು. ಇವರ ಹಳೇ ಲೇತಿನ ಮುಂದೆ ಆಕೆ ನಿಂತಿದ್ದರು, ತಲೆಗೆ ಬಟ್ಟೆ ಬಿಗಿದು, ಮುಂಗೈಯವರೆಗೆ ಎಣ್ಣೆ. ಸೂಪರ್‌ವೈಸರನ್ನು ಅಲ್ಲಿಗೇ ಕರೆದು ಇವರು ಎಲ್ಲವನ್ನೂ ಹೇಳಿದರು. ಸೂಪರ್‌ವೈಸರ್ ನಂಬಲಿಲ್ಲ. ಅಳತೆಗಟ್ಟಿ ತರಿಸಿ ಹಳೇ ಮೈಕ್ರೋಮೀಟರಿನಲ್ಲಿ ಅಳೆದರು. ಎರಡು ಗೆರೆ ಕಡಿಮೆ. ಅವರ ಮುಖ ಸಪ್ಪಗಾಯಿತು. ಹೊಸದು ಬರುವವರೆಗೆ ಇರಲಿ ಎಂದು ಇವರು ತಮ್ಮದನ್ನು ಆಕೆಯ ಮೇಜಿನ ಮೇಲಿಟ್ಟರು.

"ಹೋಗ್ಲಿ ಬಿಡಿ ಅಣ್ಣಾ, ಆಗಿದ್ದಾಯ್ತು. ಈ ಮಾತು ನಮ್ಮಲ್ಲೇ ಇರ್ಲಿ" ಎಂದರು ಸೂಪರ್‌ವೈಸರ್.

ಆಕೆ ಅಷ್ಟು ಹೊತ್ತು ಕೆಲಸ ಮಾಡುತ್ತಲೇ ಎಲ್ಲ ಕೇಳಿಸಿಕೊಂಡಿದ್ದರು. ಈಗ ಲೇತ್ ಆರಿಸಿ ತಿರುಗಿದರು. "ಯಾಕೆ ಸಾರ್ ನಮ್ಮಲ್ಲೇ ಇರ್ಬೇಕು? ನನ್ನ ಕೈ ಸರಿಯಿಲ್ಲ ಅಂತ ಎಲ್ಲರ ಮುಂದೆ ಹೇಳಿದ್ರಿ. ನಾಲ್ಕು ತಿಂಗಳು ಎಲ್ಲರೂ ನಕ್ಕರು. ಕೊನೇಗೆ ನನಗೇ ನನ್ನ ಕೈ ಮೇಲೆ ನಂಬಿಕೆ ಹೋಯ್ತು."

ಕೊನೆಯ ಮಾತು ಕೇಳಿ ಇವರು ತಲೆ ಎತ್ತಿ ಆಕೆಯನ್ನು ನೋಡಿದರು. ಆ ನಂಬಿಕೆ ಹೋದರೆ ಹೇಗಿರುತ್ತದೆ ಎಂದು ಮೂರು ದಿನ ಕಿಟಕಿಯ ಹತ್ತಿರ ಕೂತು ತಿಳಿದವರು ಇವರು. "ಹೇಳ್ತೀನಮ್ಮ" ಎಂದು ಪಕ್ಕದ ಮಷಿನ್ನಿಗೆ ಹೋದರು. ಅಲ್ಲಿದ್ದವನ ಕಿವಿಯ ಹತ್ತಿರ ಬಗ್ಗಿ ಕೂಗಿ ಹೇಳಿದರು. ಅವನಿಗೆ ಕೇಳಿಸದೆ ಮಷಿನ್ನು ನಿಲ್ಲಿಸಿದ. ಮತ್ತೆ ಹೇಳಿದರು. ಅಲ್ಲಿಂದ ಮುಂದಿನದು, ಅಲ್ಲಿಂದ ಅದರಾಚೆಯದು. ಇವರನ್ನು ಅಣ್ಣಾ ಅಣ್ಣಾ ಎಂದು ಮೂವತ್ತು ವರ್ಷ ತಲೆಯ ಮೇಲೆ ಹೊತ್ತವರೇ ಎಲ್ಲರೂ. ಒಬ್ಬೊಬ್ಬರಾಗಿ ಮಷಿನ್ನು ನಿಲ್ಲಿಸಿ ಕೇಳಿದರು. ಒಬ್ಬ ನಕ್ಕ, ಒಬ್ಬ ಮುಖ ತಿರುಗಿಸಿದ. ನಾನು ಆಕೆಯ ಲೇತಿನ ಪಕ್ಕದಲ್ಲೇ ನಿಂತಿದ್ದೆ. ಇವರ ಬಗ್ಗೆ ನನಗೆ ಅಷ್ಟು ಹೆಮ್ಮೆ ಹಿಂದೆಂದೂ ಆಗಿರಲಿಲ್ಲ.

ಕೊನೆಯ ಮಷಿನ್ನಿಗೆ ಬರುವ ಹೊತ್ತಿಗೆ ಇಡೀ ಶೆಡ್ಡು ಸದ್ದಿಲ್ಲದೆ ನಿಂತಿತ್ತು, ಕೂಗುವ ಅಗತ್ಯವಿರಲಿಲ್ಲ. ಮನೆಯಲ್ಲಿ ನನ್ನ ಹತ್ತಿರ ಮಾತಾಡುವ ದನಿಯಲ್ಲೇ ಇವರು ಹೇಳಿದರು, "ಮೈಕ್ರೋಮೀಟರ್ ಬೀಳಿಸಿದ್ದು ನಾನು, ಮುಚ್ಚಿಟ್ಟಿದ್ದೂ ನಾನು. ಅವರ ಕೈಯಲ್ಲಿ ಏನೂ ತಪ್ಪಿಲ್ಲ."

ಆಕೆ ಕೈ ಒರೆಸಿಕೊಂಡು, ಹೊಸ ಸರಳೊಂದನ್ನು ಕಚ್ಚಿಸಿ ಲೇತ್ ಹಾಕಿದರು. ಅಷ್ಟು ಮಷಿನ್ನುಗಳಲ್ಲಿ ಮೊದಲು ತಿರುಗಿದ್ದು ಅದೊಂದೇ. ಉಳಿದವರು ಸ್ವಲ್ಪ ಹೊತ್ತು ಅದನ್ನೇ ನೋಡುತ್ತಾ ನಿಂತರು.