ದಂಡಿನ ಬೀಡಿಗೆ ಬಿದ್ದ ಕುಂಕುಮ

ಆಯುಧಪೂಜೆಯ ದಿನ ಕಡಲಾಚೆಯ ಸಮಾಮಿಶ್ ಊರಿನ ನಮ್ಮ ಮನೆಯಲ್ಲಿ ಕುಂಕುಮದಿಂದ ತಪ್ಪಿಸಿಕೊಳ್ಳುವ ವಸ್ತು ಒಂದೂ ಇಲ್ಲವೆಂದರೆ ನೀವು ನಗುತ್ತೀರಿ. ಉಡುಪಿಯಿಂದ ಬಂದಿರುವ ಅತ್ತೆ ಬೆಳಿಗ್ಗೆ ಮಿಂದು, ಬಟ್ಟಲಲ್ಲಿ ಕುಂಕುಮ ಕಲಸಿ, ಕಾರಿಗೆ, ಮಿಕ್ಸಿಗೆ, ಮಗನ ಲ್ಯಾಪ್‌ಟಾಪಿಗೆ, ಚಿತ್ರಗಳಿಗೆ ಚೌಕಟ್ಟು ಹಾಕುವ ನನ್ನ ಚಾಕು ಸುತ್ತಿಗೆಗಳಿಗೆ ಬೊಟ್ಟಿಡುತ್ತಾ ಹೋದರು. ನಾನು ಕಡುಬು ಬೇಯಲಿಟ್ಟು ನನ್ನ ಕೆಲಸದ ಮೇಜಿನ ಬಳಿ ಬಂದರೆ ಅಲ್ಲಿಗೂ ಅವರ ಬಟ್ಟಲು ಬಂದುಹೋಗಿತ್ತು.

ಮೇಜಿನ ಮೇಲಿದ್ದದ್ದು ಹತ್ತಿರದ ಕೆನ್ಮೋರ್ ಊರಿನ ವಾಲ್ಟರ್ ಎಂಬ ವೃದ್ಧರು ಹೊಸ ಚೌಕಟ್ಟಿಗೆಂದು ನಂಬಿ ಕೊಟ್ಟ ಚಿತ್ರ. ಯುರೋಪಿನ ಯಾವನೋ ಕುಶಲಿ ನಾಲ್ಕೈದು ಶತಮಾನಗಳ ಹಿಂದೆ ತಾಮ್ರದ ತಗಡಿನಲ್ಲಿ ಗೆರೆಗೆರೆಯಾಗಿ ಕೊರೆದು ಕಾಗದಕ್ಕೊತ್ತಿದ ದಂಡಿನ ಬೀಡು: ಸಾಲು ಡೇರೆಗಳು, ಕಾಡಿನಂತೆ ನಿಂತ ಈಟಿಗಳು, ಬಾಯ್ದೆರೆದ ತೋಪುಗಳು, ಪಗಡೆಯಾಡುವ ಸಿಪಾಯಿಗಳು. ಮರುದಿನ ಇವರಲ್ಲಿ ಎಷ್ಟು ಮಂದಿ ಉಳಿದರೋ ಎಂದು ವಾರದಿಂದ ಭೂತಗನ್ನಡಿ ಹಿಡಿದು ಕಳವಳಪಡುತ್ತಿದ್ದವಳಿಗೆ ಈಗ ನನ್ನದೇ ಗತಿ ಏನೆಂಬ ಚಿಂತೆ ಹತ್ತಿತು. ಚಿತ್ರದ ಕೆಳಮೂಲೆಯಲ್ಲಿ ಸಾಸಿವೆಯಷ್ಟು ಕೆಂಪು ಬೊಟ್ಟು, ಇನ್ನೂ ಹಸಿ.

ಒರೆಸಿದರೆ ಹರಡುತ್ತದೆ, ತೊಳೆಯಲು ಹೋದರೆ ಮಸಿಗೂ ಅಪಾಯ. ನಿಮ್ಮಲ್ಲಿ ಮುಚ್ಚುಮರೆಯೇಕೆ, ಉಪಾಯವೊಂದು ಹೊಳೆಯದೆ ಇರಲಿಲ್ಲ. ಚಿತ್ರದ ಸುತ್ತ ಕೂರಿಸುವ ರಟ್ಟನ್ನು ಅರ್ಧ ಅಂಗುಲ ಒಳಕ್ಕೆ ಸರಿಸಿದರೆ ಸಾಕು, ಬೊಟ್ಟು ಮರೆಯಾಗುತ್ತದೆ, ಮುದುಕರಿಗೆ ತಿಳಿಯುವುದಿಲ್ಲ, ನನ್ನ ಮಾನವೂ ಉಳಿಯುತ್ತದೆ. ರಟ್ಟನ್ನು ಅಳೆದು ಗುರುತನ್ನೂ ಹಾಕಿದೆ. ಆದರೂ ತಡೆಯಲಾರದೆ ಅತ್ತೆಯನ್ನು ಕರೆದು, ಇದಕ್ಕೇಕೆ ಇಟ್ಟಿರಿ, ಬಂದೂಕು ತೋಪು ಕಂಡವೆಂದೇ, ಎಂದು ಸಿಟ್ಟಿನಿಂದಲೇ ಕೇಳಿದೆ.

"ತೋಪಿಗೆ ಎಂತಕ್ಕೆ ಇಡುವುದು ಮಾರಾಯ್ತಿ? ಇಷ್ಟು ಜನಕ್ಕೆ ಇವಳೊಬ್ಬಳೇ ಬೇಯಿಸುವುದಲ್ವಾ? ಇವಳ ಸೌಟಿಗೆ ಇಟ್ಟದ್ದು."

ಅತ್ತೆ ಬೆರಳು ತೋರಿದಲ್ಲಿಗೆ ಭೂತಗನ್ನಡಿ ಹಿಡಿದೆ. ಡೇರೆಯ ಹಿಂದೆ, ಹೊಗೆಯ ಗೆರೆಗಳ ನಡುವೆ, ದೊಡ್ಡ ಹಂಡೆಯ ಮುಂದೆ ಬಗ್ಗಿದ ಹೆಂಗಸು. ವಾರವಿಡೀ ಸಿಪಾಯಿಗಳ ತಲೆ ಎಣಿಸಿದ ನಾನು ಅವಳನ್ನು ಕಂಡಿರಲೇ ಇಲ್ಲ. ನಾನು ಗುರುತು ಹಾಕಿದ್ದಲ್ಲಿಗೆ ರಟ್ಟು ಬಂದರೆ ಬೊಟ್ಟಿನ ಜೊತೆ ಅವಳೂ ಪೂರ್ತಿ ಮುಚ್ಚಿಹೋಗುತ್ತಿದ್ದಳು. ನನಗೆ ನಾಚಿಕೆಯಾಯಿತು.

ಕೆನ್ಮೋರಿಗೆ, ವಾಲ್ಟರ್ ಅವರಿಗೆ ಫೋನು ಮಾಡಿ, ಪೂಜೆ, ಕುಂಕುಮ, ಸೌಟು, ರಟ್ಟಿನ ಉಪಾಯ ಎಲ್ಲವನ್ನೂ ಒಪ್ಪಿಸಿದೆ. ಬೈಗುಳಕ್ಕೆಂದೇ ಕಾದು ನಿಂತೆ.

"ಮೂವತ್ತು ವರ್ಷ ಆ ಚಿತ್ರದ ಎದುರು ಕೂತೇ ಉಂಡಿದ್ದೇನೆ," ಎಂದರು ಅವರು. "ಅದರಲ್ಲಿ ಹೆಂಗಸೊಬ್ಬಳು ಇದ್ದಾಳೆಯೇ?"