ನಿಧಾನಪ್ಪನವರ ಹೆಬ್ಬೆರಳಿನ ಉಗುರು

ಅವರಿಗೆ ನಿಧಾನಪ್ಪ ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ. ನನ್ನ ಹಾಗೆಯೇ ಅವರ ಗ್ಯಾರೇಜಿನ ಕಬ್ಬಿಣದ ಸ್ಟೂಲಿನ ಮೇಲೆ ಅರ್ಧ ದಿನ ಕಾದು ಬೆಂದವರೇ ಇರಬೇಕು. ನನಗೆ ಬೇಕಾಗಿದ್ದುದು ಒಂದೇ ಒಂದು ಉತ್ತರ: ಸೋಮವಾರದಿಂದ ನನ್ನ ಒಂದೂವರೆ ವರ್ಷದ ಮಗಳನ್ನು ಈ ಕಾರಿನಲ್ಲಿ ಕೂರಿಸಬಹುದೋ, ಬಾರದೋ?

ಕಾರು ಮಾವನವರದು. ನನ್ನ ಗಂಡ ಹುಟ್ಟುವ ಮೊದಲೇ ಕೊಂಡದ್ದು. ಅದರ ಬಾಗಿಲಿನ ಹಿಡಿಯ ಸಂದುಗಳನ್ನು ಅವರು ಇವತ್ತಿಗೂ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುತ್ತಾರೆ. ಸೋಮವಾರ ನಾನು ಮತ್ತೆ ಕೆಲಸಕ್ಕೆ ಹೋಗಬೇಕಿತ್ತು. ಮಗುವನ್ನು ಶಿಶುವಿಹಾರಕ್ಕೆ ಬಿಟ್ಟು ಕರೆತರುವುದು ಮಾವನವರ ಪಾಲಿಗೆ ಬಂದಿತ್ತು. ದಾರಿಯಲ್ಲಿ ಕಡಿದಾದ ಇಳಿಜಾರು, ಅದರ ಬುಡದಲ್ಲಿ ದೊಡ್ಡ ತಿರುವು, ತಿರುವಿನ ತುಂಬ ಲಾರಿಗಳು. ಸರಿಯಾಗಿ ಅಲ್ಲೇ ಎರಡು ತಿಂಗಳಿಂದ ಕಾರಿನ ಮುಂಚಕ್ರದ ಹತ್ತಿರ ಕಟಕಟ ಸದ್ದು. ದಿನಾ ಹೇಳಿದೆ. ಹೇಳಿ ಹೇಳಿ ಮನೆಯಲ್ಲಿ ನಾನೇ ಕಟಕಟ ಎನಿಸಿಕೊಂಡೆ. ಹೋದ ವಾರ ಇದ್ದಕ್ಕಿದ್ದಂತೆ ಸದ್ದು ನಿಂತಿತು.

"ನೋಡಿದ್ಯಾ, ತಾನಾಗೇ ಸರಿಹೋಯ್ತು," ಎಂದರು ಮಾವ.

ತಾನಾಗಿ ಸರಿಹೋಗಲು ಅದೇನು ನೆಗಡಿಯೇ? ನನಗೆ ರಾತ್ರಿಯ ನಿದ್ದೆಯೂ ಹೋಯಿತು. ಶನಿವಾರ ಬೆಳಿಗ್ಗೆ ಮಾವನವರನ್ನು ಕಾರಿನಲ್ಲಿ ಕಳಿಸಿ, ನಾನು ಮಗುವನ್ನೆತ್ತಿಕೊಂಡು ಬಸ್ಸಿನಲ್ಲಿ ಹಿಂದೆಯೇ ಹೋದೆ.

ನಿಧಾನಪ್ಪನವರಿಗೆ ಅರವತ್ತು ದಾಟಿದೆ. ಒಣಕಲು ದೇಹ, ದಾರ ಕಟ್ಟಿದ ಕನ್ನಡಕ. ಬೆರಳುಗಳೆಲ್ಲ ಗ್ರೀಸು, ಉಗುರುಗಳೆಲ್ಲ ಮೊಂಡು. ಎಡಗೈ ಹೆಬ್ಬೆರಳಿಗೆ ಮಾತ್ರ ಬಿಳಿ ಟೇಪು ಸುತ್ತಿತ್ತು. ಅದರೊಳಗೆ ಉದ್ದ ಉಗುರು ಸಾಕಿದ್ದಾರಂತೆ. "ಅದು ಅವರ ಅಳತೆ ಸಾಮಾನು ಕಣಮ್ಮಾ," ಎಂದು ಮಾವ ಭಕ್ತಿಯಿಂದ ಪಿಸುಗುಟ್ಟಿದರು. ನಾನು ಮಗುವನ್ನು ಎರಡು ಹೆಜ್ಜೆ ದೂರ ಒಯ್ದೆ.

ಅವರು ಸ್ಟೀರಿಂಗನ್ನು ಪೂರ್ತಿ ತಿರುಗಿಸಿಕೊಂಡು ಅಂಗಳದಲ್ಲಿ ಎಡಕ್ಕೆ ಮೂರು ಸುತ್ತು, ಬಲಕ್ಕೆ ಮೂರು ಸುತ್ತು ಹೊಡೆದರು. ಇಳಿದು ಬಂದು ಚಹಾ ಕುಡಿದರು. ಲೋಟ ತೊಳೆದಿಟ್ಟರು.

"ಸದ್ದಿಲ್ಲ."

"ಹಾಗಾದ್ರೆ ಸರಿಯಾಗಿದೆ ತಾನೇ?"

"ಹಾಗಂದೆನಾ?"

"ಮತ್ತೇನಂದ್ರಿ?"

"ಸದ್ದಿಲ್ಲ ಅಂದೆ."

ನನಗೆ ಮೈ ಪರಚಿಕೊಳ್ಳುವಂತಾಯಿತು. ಅವರು ಕಾರಿಗೆ ಜಾಕ್ ಕೊಟ್ಟು, ಕೆಳಗೆ ಮಲಗಿ, ಚಕ್ರವನ್ನು ಎಳೆಯುವ ಆಕ್ಸಲನ್ನು ಹಿಡಿದು ತಿರುಚಿದರು. "ಉದ್ದಕ್ಕೆ ಜಗ್ಗಿದ್ರೆ ಆಡ್ಬೇಕು. ತಿರುಚಿದ್ರೆ ಆಡ್ಬಾರ್ದು. ಆಡ್ತಿದೆ."

"ಎಷ್ಟು?"

"ಸ್ವಲ್ಪ."

"ಸ್ವಲ್ಪ ಅಂದ್ರೆ ಎಷ್ಟು? ಇನ್ನೆಷ್ಟು ದಿನ ಓಡುತ್ತೆ? ಅಂದಾಜಾದ್ರೂ ಹೇಳಿ!"

ಅವರು ಕಾರಿನಡಿಯಿಂದ ಹೊರಗೆ ಬಂದು ಕೂತರು. "ಒಂದ್ಸಲ ಹೇಳಿದ್ದೆ ಮೇಡಂ. ಭಾವನ ಕಾರಿಗೆ. ಬಿಚ್ಚದೆ, ಬರೀ ಕೈಯಲ್ಲಿ ತಿರುಚಿ, ಇನ್ನೊಂದು ತಿಂಗಳು ಏನೂ ಆಗಲ್ಲ ಅಂದೆ. ಒಂಬತ್ತನೇ ದಿನ ಇಳಿಜಾರಲ್ಲಿ ಮುರೀತು. ಭಾವ ಇವತ್ತಿಗೂ ಕುಂಟ್ತಾರೆ. ಅಕ್ಕ ಎರಡು ವರ್ಷ ನನ್ನ ಜೊತೆ ಮಾತು ಬಿಟ್ಟಿದ್ಲು." ಕನ್ನಡಕ ಒರೆಸಿಕೊಂಡರು. "ಅವತ್ತಿಂದ ಬಿಚ್ಚದೆ ಬಾಯಿ ಬಿಡಲ್ಲ."

ಹಾಗಾದರೆ ಬಿಚ್ಚಿ ಮಹಾರಾಯರೇ ಎನ್ನಬೇಕೆನಿಸಿತು. ಅವರ ಅಕ್ಕನ ನೆನಪಾಗಿ ತಡೆದುಕೊಂಡೆ.

ಕೊನೆಗೂ ಬಿಚ್ಚತೊಡಗಿದರು. ಆಕ್ಸಲಿನ ತುದಿಯ ಜಾಯಿಂಟಿನ ಮೇಲಿನ ರಬ್ಬರ್ ಚೀಲವನ್ನು ಸರಿಸಿದರೆ ಒಳಗಿಂದ ಹಳದಿ ಗ್ರೀಸು ಉಬ್ಬಿಕೊಂಡು ಬಂತು. ನಿಧಾನಪ್ಪ ಅದನ್ನು ಎರಡು ಬೆರಳಿನ ನಡುವೆ ಉಜ್ಜಿ ನೋಡಿದರು. "ಹಳೇದು ಹೀಗಿರಲ್ಲ. ಯಾರು ತುಂಬಿದ್ದು?"

ಮಾವ ಚಾವಣಿ ನೋಡತೊಡಗಿದರು.

"ಮಾವ!"

"ನೀನು ದಿನಾ ಸದ್ದು ಸದ್ದು ಅಂತಿದ್ಯಲ್ಲಮ್ಮಾ. ಒಂದು ಡಬ್ಬಿ ತಂದು ತುಂಬಿಸಿದೆ. ನಿಂತಿತಲ್ಲ!"

"ಸಾರ್," ಎಂದರು ನಿಧಾನಪ್ಪ, "ಅಳೋ ಮಗು ಬಾಯಿಗೆ ಬಟ್ಟೆ ತುರುಕಿದ ಹಾಗಾಯ್ತಲ್ಲ ಇದು."

ನಾನು ಮಗುವನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡೆ.

ಸೀಮೆಎಣ್ಣೆಯಲ್ಲಿ ತೊಳೆದ ಮೇಲೆ ಜಾಯಿಂಟು ಬಟ್ಟಲಿನ ಹಾಗೆ ಕಾಣಿಸಿತು. ಆರು ಉಕ್ಕಿನ ಗುಂಡುಗಳು, ಅವು ಓಡಾಡಲು ಆರು ಜಾಡುಗಳು. "ಹೊಳಪಿದ್ರೆ ಭಯ ಇಲ್ಲ. ಉಗುರು ಸಿಕ್ಕಿಕೊಂಡ್ರೆ ಹಳ್ಳ ಬಿದ್ದಿದೆ ಅಂತ." ಟೇಪು ಬಿಚ್ಚಿದರು. ಒಳಗೆ ಉದ್ದ ಉಗುರಿರಲಿಲ್ಲ, ಬುಡದವರೆಗೂ ಮುರಿದಿತ್ತು. "ನಿನ್ನೆ ಶಟರಿಗೆ ಸಿಕ್ಕಿ ಹೋಯ್ತು. ನಿಮ್ಮದು ಕೊಡಿ ಮೇಡಂ."

ಒಂಬತ್ತು ಉಗುರುಗಳನ್ನು ಈ ಎರಡು ತಿಂಗಳಲ್ಲಿ ನಾನೇ ಕಚ್ಚಿ ಮುಗಿಸಿದ್ದೆ. ಎಡಗೈ ಹೆಬ್ಬೆರಳಿನದು ಹೇಗೋ ಉಳಿದುಕೊಂಡಿತ್ತು. ಮಗುವನ್ನು ಮಾವನವರ ಕೈಗೆ ಕೊಟ್ಟು, ಆ ಉಗುರನ್ನು ಮೊದಲ ಜಾಡಿನಲ್ಲಿ ಎಳೆದೆ. ನುಣುಪು. ಎರಡನೆಯದೂ ನುಣುಪು. ಮೂರನೆಯದರಲ್ಲಿ, ಈ ಕಾರು ಸರಿಯಾಗಿಯೇ ಇರಲಿ, ನಾನೇ ಹುಚ್ಚಿ ಎನಿಸಿಕೊಂಡರೂ ಪರವಾಗಿಲ್ಲ ಎಂದು ನಿಜವಾಗಿಯೂ ಬೇಡಿಕೊಂಡೆ. ನಾಲ್ಕನೆಯದರಲ್ಲಿ ಉಗುರು ಟಕ್ಕೆಂದು ನಿಂತಿತು.

"ತಡೀತಾ?"

"ಸ್ವಲ್ಪ."

"ಸ್ವಲ್ಪ ಅಂದ್ರೆ ಎಷ್ಟು?"

ಅವರ ಮುಖದಲ್ಲಿ ನಗುವಿರಲಿಲ್ಲ. ನಿಜವಾಗಿಯೇ ಕೇಳಿದ್ದರು. ಮತ್ತೆ ಎಳೆದೆ, ಮತ್ತೆ ಅಲ್ಲೇ ನಿಂತಿತು.

"ಈಗ ಹೇಳಿ. ಮಗೂನ ಕೂರಿಸ್ತೀರಾ?"

"ಇಲ್ಲ."

"ನಾನೂ ಕೂರಿಸಲ್ಲ," ಎಂದು ಅವರು ಜಾಯಿಂಟನ್ನು ಹಳೆ ಪೇಪರಿನಲ್ಲಿ ಸುತ್ತಿಟ್ಟರು. ಇಷ್ಟು ಹೇಳಲು ನಾಲ್ಕು ಗಂಟೆ!

ಮಾವ ಆ ಪೊಟ್ಟಣವನ್ನು ಮತ್ತೆ ಬಿಚ್ಚಿಸಿ, ತಾವೂ ಉಗುರಿಟ್ಟು ನೋಡಿದರು. ಒಂದು ಸಲವಲ್ಲ, ನಾಲ್ಕು ಸಲ. "ಹೌದು ಕಣಮ್ಮಾ," ಎಂದರು ಸಣ್ಣ ದನಿಯಲ್ಲಿ. ಮಗುವಿನ ಟೋಪಿಯನ್ನು ಸುಮ್ಮಸುಮ್ಮನೆ ಸರಿಮಾಡಿದರು.

ಅಷ್ಟು ಹಳೆಯ ಕಾರಿಗೆ ಹೊಸ ಜಾಯಿಂಟು ಸಿಗಲು ಮೂರು ವಾರ ಬೇಕಂತೆ. ಅಂದರೆ, ನಿಧಾನಪ್ಪನವರ ಲೆಕ್ಕದಲ್ಲಿ ಆರು. ಸೋಮವಾರ ಮಾವ ಮಗುವನ್ನೆತ್ತಿಕೊಂಡು ಬಸ್ಸು ಹತ್ತಿದರು. ಸಂಜೆ ನಾನು ಚಪ್ಪಲಿ ಬಿಡುವ ಮೊದಲೇ ಎದುರಿಗೆ ಬಂದು ನಿಂತರು.

"ಅಲ್ಲಮ್ಮಾ, ಆ ತಿರುವಿನಲ್ಲಿ ಬಸ್ಸೂ ಏನೋ ಸದ್ದು ಮಾಡುತ್ತೆ ಕಣೇ."

ಉಳಿದಿದ್ದ ಒಂದು ಉಗುರೂ ಅವತ್ತೇ ಹೋಯಿತು.